ಅಂಚೆಯಲ್ಲಿ ಬಂದ ಮನಃಪರ್ಯಯಜ್ಞಾನ

ಅಮೆರಿಕದಲ್ಲಿ 1964ರ ಅಧ್ಯಕ್ಷ ಚುನಾವಣೆಗೆ ಕೆಲವು ವಾರಗಳಷ್ಟೇ ಉಳಿದಿದ್ದಾಗ ನ್ಯೂಯಾರ್ಕಿನ ‘ಫ್ಯಾಕ್ಟ್’ ಎಂಬ ನಿಯತಕಾಲಿಕವು ತನ್ನ ಸೆಪ್ಟೆಂಬರ್-ಅಕ್ಟೋಬರ್ ಸಂಚಿಕೆಯನ್ನು ಇಡಿಯಾಗಿ ಒಬ್ಬ ವ್ಯಕ್ತಿಯ ಮನಸ್ಸಿಗೆ ಮೀಸಲಿಟ್ಟಿತು. ಆ ವ್ಯಕ್ತಿ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ, ಆರಿಜೋನದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್. ಅವರು ಅಧ್ಯಕ್ಷಪದವಿಗೆ ಮಾನಸಿಕವಾಗಿ ಅನರ್ಹರೆಂದು 1,189 ಮನೋವೈದ್ಯರು ಹೇಳುತ್ತಾರೆ ಎಂಬುದು ಮುಖಪುಟದ ಘೋಷಣೆ. ಪತ್ರಿಕೆಯ ಹೆಸರಿನ ಅರ್ಥ ‘ವಾಸ್ತವ’ ಎಂಬುದನ್ನು ನೆನೆದರೆ ಈ ಅಂಕಿಯನ್ನು ತುಸು ಬಿಡಿಸಿ ನೋಡುವುದು ಉಚಿತ. ಪತ್ರಿಕೆ ಪ್ರಶ್ನಾವಳಿ ಕಳುಹಿಸಿದ್ದು 12,356 ಮನೋವೈದ್ಯರಿಗೆ. ಉತ್ತರಿಸಿದವರು 2,417. ಅವರಲ್ಲಿ 657 ಮಂದಿ ಗೋಲ್ಡ್‌ವಾಟರ್ ಅರ್ಹರೆಂದರು. 571 ಮಂದಿ ಹೇಳುವಷ್ಟು ತಿಳಿವಳಿಕೆ ತಮಗಿಲ್ಲವೆಂದರು. ಅನರ್ಹರೆಂದ 1,189 ಮಂದಿ ಉತ್ತರ ಕೊಟ್ಟವರಲ್ಲಿಯೂ ಅರ್ಧಕ್ಕಿಂತ ಕಡಿಮೆ. ಪ್ರಶ್ನೆ ತಲುಪಿದವರ ಒಟ್ಟು ಲೆಕ್ಕದಲ್ಲಿ ಹತ್ತರಲ್ಲಿ ಒಬ್ಬರಷ್ಟೂ ಇಲ್ಲ. 9,939 ಮಂದಿಯ ಮೌನಕ್ಕೆ ಮುಖಪುಟದಲ್ಲಿ ಸ್ಥಳವಿರಲಿಲ್ಲ.

ಆದರೆ ಆಕ್ಷೇಪ ಕೇವಲ ಸಂಖ್ಯೆಯದಲ್ಲ. 12,356 ಮಂದಿಯೂ ಒಕ್ಕೊರಲಿನಿಂದ ‘ಅನರ್ಹ’ ಎಂದಿದ್ದರೂ ಆ ಮಾತಿನ ಪ್ರಾಮಾಣ್ಯ ಎಷ್ಟು ಎಂಬುದು ಮೂಲಪ್ರಶ್ನೆ. ಉನ್ನತ ಪದವಿಯನ್ನು ಬಯಸಿ ಬಂದ ವಿವಾದಾಸ್ಪದ ವ್ಯಕ್ತಿಯ ಯೋಗ್ಯಾಯೋಗ್ಯತೆಯನ್ನು ಚರ್ಚಿಸುವಾಗ ಯಾವುದು ಪ್ರಮಾಣ, ಯಾವುದು ಊಹೆ, ಯಾವುದು ನಿಂದೆ? ಈ ಪ್ರಶ್ನೆ 1964ಕ್ಕೆ ಮುಗಿಯಲಿಲ್ಲ. 2016ರಲ್ಲಿಯೂ 2024ರಲ್ಲಿಯೂ ಅದೇ ದೇಶದಲ್ಲಿ ಮತ್ತೆ ಮತ್ತೆ ಎದ್ದಿತು.

ಮೊದಲಿಗೆ ಒಂದು ಮಾತನ್ನು ಒಪ್ಪಬೇಕು: ಗೋಲ್ಡ್‌ವಾಟರ್ ವಿಷಯದಲ್ಲಿ ಅಂದಿನ ಜನರಿಗಿದ್ದ ಭಯ ಕಾಲ್ಪನಿಕವಲ್ಲ. ಕ್ಯೂಬದ ಕ್ಷಿಪಣಿ ಬಿಕ್ಕಟ್ಟು ಕಳೆದು ಎರಡು ವರ್ಷಗಳೂ ತುಂಬಿರಲಿಲ್ಲ. ಜಾನ್ ಕೆನಡಿಯವರ ಹತ್ಯೆಯಾಗಿ ವರ್ಷವೂ ಆಗಿರಲಿಲ್ಲ. ಪರಮಾಣು ಅಸ್ತ್ರದ ಕೀಲಿ ಯಾರ ಕೈಯಲ್ಲಿರಬೇಕು ಎಂಬುದು ಪ್ರತಿ ಮನೆಯ ಪ್ರಶ್ನೆಯಾಗಿದ್ದ ಹೊತ್ತಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಪಕ್ಷಾಧಿವೇಶನದಲ್ಲಿ ಗೋಲ್ಡ್‌ವಾಟರ್ ನಾಮಪತ್ರವನ್ನು ಸ್ವೀಕರಿಸುತ್ತ, ಸ್ವಾತಂತ್ರ್ಯರಕ್ಷಣೆಯಲ್ಲಿ ಅತಿರೇಕವು ದೋಷವಲ್ಲವೆಂದೂ ನ್ಯಾಯಾನ್ವೇಷಣೆಯಲ್ಲಿ ಮಿತತ್ವವು ಗುಣವಲ್ಲವೆಂದೂ ಸಾರಿದರು. ಅದೇ ಅಧಿವೇಶನದಲ್ಲಿ ಸ್ವಪಕ್ಷದ ಉದಾರಪಂಥೀಯ ನಾಯಕ ನೆಲ್ಸನ್ ರಾಕೆಫೆಲರ್ ಮಾತನಾಡಲು ನಿಂತಾಗ ಸಭೆ ಕೂಗೆಬ್ಬಿಸಿ ಅಡ್ಡಿಪಡಿಸಿತ್ತು. ಇಂಥ ದೃಶ್ಯಗಳನ್ನು ಕಂಡವರು ಅಂಜಿದ್ದರೆ ಅದು ವಿವೇಕದ ಲಕ್ಷಣವೇ.

ಆ ಭಯಕ್ಕೆ ಆಧಾರವಾದ ಹೇಳಿಕೆಗಳಲ್ಲಿ ಒಂದು, ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಪಾಠವಾಗುವಂಥದು. 1963ರ ಅಕ್ಟೋಬರಿನಲ್ಲಿ, ಯುರೋಪಿನಲ್ಲಿರುವ ಮಿತ್ರಕೂಟದ ಸೇನೆಯ ‘ಕಮಾಂಡರ್’ಗೆ ಸಣ್ಣ ಪರಮಾಣು ಅಸ್ತ್ರಗಳನ್ನು ಬಳಸುವ ಅಧಿಕಾರವಿರಬೇಕು ಎಂಬರ್ಥದ ಮಾತನ್ನು ಗೋಲ್ಡ್‌ವಾಟರ್ ಆಡಿದರು. ವರದಿಗಳಲ್ಲಿ ಅದು ‘ಕಮಾಂಡರುಗಳಿಗೆ’ ಎಂದಾಯಿತು. ತಾವು ಹೇಳಿದ್ದು ಏಕವಚನ, ಸರ್ವೋಚ್ಚ ಸೇನಾಧಿಪತಿಯೊಬ್ಬನನ್ನು ಕುರಿತದ್ದು ಎಂದು ಅವರು ಸಾಧಿಸಿದರು. ಒಂದು ಬಹುವಚನ ಪ್ರತ್ಯಯದ ಪಾಠಭೇದದ ಮೇಲೆ ಅಭ್ಯರ್ಥಿಯೊಬ್ಬನ ಸ್ವಸ್ಥಚಿತ್ತತೆಯ ವಾದವೇ ನಿಂತಿತು. ವಿಪರ್ಯಾಸವೆಂದರೆ, ಐಸೆನ್‌ಹೊವರ್ ಅವರ ಕಾಲದಿಂದಲೇ ತುರ್ತುಸ್ಥಿತಿಯಲ್ಲಿ ಕೆಲವು ಸೇನಾಧಿಪತಿಗಳಿಗೆ ಅಂಥ ಅಧಿಕಾರವನ್ನು ಮುಂಚಿತವಾಗಿಯೇ ವಹಿಸಲಾಗಿತ್ತೆಂಬುದು ದಶಕಗಳ ಅನಂತರ ಬಯಲಾದ ರಹಸ್ಯ ದಾಖಲೆಗಳಿಂದ ತಿಳಿದುಬಂದಿದೆ. ಹುಚ್ಚನ ಮಾತೆಂದು ಲೋಕ ಹಳಿದದ್ದು ಗುಟ್ಟಾಗಿ ಸರ್ಕಾರದ ನೀತಿಯೇ ಆಗಿತ್ತು. ಇದರಿಂದ ಆ ನೀತಿ ಒಳ್ಳೆಯದೆಂದು ಸಿದ್ಧವಾಗುವುದಿಲ್ಲ. ಆದರೆ ಅದನ್ನು ಒಬ್ಬನ ಚಿತ್ತವಿಕಾರದ ಕುರುಹೆಂದು ಓದಿದವರು ತಪ್ಪಾಗಿ ಓದಿದರೆಂಬುದು ಸಿದ್ಧವಾಗುತ್ತದೆ.

ಈಗ ‘ಫ್ಯಾಕ್ಟ್’ ಪ್ರಕಟಿಸಿದ ಉತ್ತರಗಳ ವಿಷಯ. ಗೋಲ್ಡ್‌ವಾಟರ್ ಅವರನ್ನು ಒಮ್ಮೆಯೂ ಪರೀಕ್ಷಿಸದ, ಬಹುಪಾಲು ಮುಖತಃ ಕಂಡೂ ಇರದ ವೈದ್ಯರು ಅವರಲ್ಲಿ ಸಂಶಯೋನ್ಮಾದವನ್ನು ಕಂಡರು, ಛಿದ್ರಮನಸ್ಕತೆಯನ್ನು ಕಂಡರು, ಕೆಲವರು ಹಿಟ್ಲರ್ ಮತ್ತು ಸ್ಟಾಲಿನ್ನರ ಹೋಲಿಕೆಯನ್ನು ಕಂಡರು, ತನ್ನ ಪುರುಷತ್ವದ ಬಗ್ಗೆ ಅಭ್ಯರ್ಥಿಗಿದ್ದ ಗೂಢ ಆತಂಕವೇ ಅವರ ಯುದ್ಧಪ್ರೀತಿಯ ಮೂಲವೆಂದು ಕಂಡವರೂ ಇದ್ದರು. ಆಧಾರವೇನು? ಪತ್ರಿಕಾವರದಿ, ದೂರದರ್ಶನದ ದೃಶ್ಯ, ಪತ್ನಿಯು ಮಹಿಳಾಪತ್ರಿಕೆಯೊಂದರ ಸಂದರ್ಶನದಲ್ಲಿ ಬಹು ಹಿಂದಿನ ನರಬಳಲಿಕೆಯನ್ನು ಕುರಿತು ಆಡಿದ ಮಾತು.

ಜೈನ ಜ್ಞಾನಮೀಮಾಂಸೆಯಲ್ಲಿ ಪರರ ಮನಸ್ಸಿನ ಪರ್ಯಾಯಗಳನ್ನು ಸಾಕ್ಷಾತ್ತಾಗಿ ಅರಿಯುವ ಜ್ಞಾನವೊಂದಿದೆ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ಎಣಿಸುವ ಮತಿ, ಶ್ರುತ, ಅವಧಿ, ಮನಃಪರ್ಯಯ, ಕೇವಲ ಎಂಬ ಐದರಲ್ಲಿ ಅದು ನಾಲ್ಕನೆಯದು. ಋಜುಮತಿ, ವಿಪುಲಮತಿ ಎಂದು ಅದರಲ್ಲಿ ಎರಡು ಬಗೆ. ಅದು ಎಲ್ಲರಿಗೂ ಲಭಿಸುವುದಿಲ್ಲ. ದೇವತೆಗಳಿಗೂ ಇಲ್ಲ, ವ್ರತನಿಷ್ಠ ಶ್ರಾವಕನಿಗೂ ಇಲ್ಲ. ಋದ್ಧಿಸಂಪನ್ನನಾದ ಸಂಯಮಿ ಮುನಿಗೆ ಮಾತ್ರ. ಹಾಗಿರುವಾಗ 1,189 ಮಂದಿ ಗೃಹಸ್ಥ ವೈದ್ಯರಿಗೆ ಅದು ಅಂಚೆಯ ಮೂಲಕ ದೊರಕಿತೆಂಬುದು ಸಿದ್ಧಾಂತಿಗಳು ಎದುರುನೋಡಿರದ ಸಂಗತಿ. ಹಾಸ್ಯವನ್ನು ಬದಿಗಿಟ್ಟು ಹೇಳುವುದಾದರೆ, ಅವರಲ್ಲಿದ್ದುದು ಶ್ರುತಜ್ಞಾನ. ಅದೂ ಮೂರನೆಯ ಕೈ ದಾಟಿ ಬಂದ ಶ್ರುತ. ಅದನ್ನು ಅವರು ಪ್ರತ್ಯಕ್ಷದ ಗತ್ತಿನಲ್ಲಿ ಹೇಳಿದರು. ದೋಷ ಅಲ್ಲಿದೆ.

ತಮಗೆ ತಿಳಿಯದೆಂದ 571 ಮಂದಿಯ ಬಗ್ಗೆಯೂ ಒಂದು ಮಾತು. ಸಪ್ತಭಂಗಿಯನ್ನು ಅಲ್ಪಸ್ವಲ್ಪ ಬಲ್ಲವರಿಗೆ ಇವರನ್ನು ‘ಅವಕ್ತವ್ಯ’ದ ಪಕ್ಷಪಾತಿಗಳೆಂದು ಕರೆಯುವ ಆಸೆಯಾಗಬಹುದು. ಅದು ಸರಿಯಲ್ಲ. ಅಸ್ತಿ-ನಾಸ್ತಿಗಳನ್ನು ಏಕಕಾಲದಲ್ಲಿ ಒಂದೇ ಮಾತಿನಿಂದ ಹೇಳಲಾಗದಿರುವುದು ಅವಕ್ತವ್ಯ. ಅದು ಅಜ್ಞಾನದ ಇನ್ನೊಂದು ಹೆಸರಲ್ಲ. ಸ್ಯಾದ್ವಾದವನ್ನು ಸಂದೇಹವಾದವೆಂದು ತಿಳಿದ ಪೂರ್ವಪಕ್ಷಿಗಳ ಹಳೆಯ ತಪ್ಪನ್ನು ಹೊಗಳಿಕೆಯ ನೆಪದಲ್ಲಿ ಮರುಕಳಿಸಬೇಕಾಗಿಲ್ಲ. ಆ 571 ಮಂದಿ ಮಾಡಿದ್ದು ಇನ್ನೂ ಸರಳವಾದ ಕೆಲಸ. ಪರೀಕ್ಷಿಸದ ರೋಗಿಯ ರೋಗವನ್ನು ಹೇಳಲಾಗದು ಎಂಬ ತಮ್ಮ ಕಸುಬಿನ ಮೊದಲ ಪಾಠವನ್ನು ಅವರು ಮರೆಯಲಿಲ್ಲ.

ಶ್ರಾವಕಾಚಾರದ ಪರಿಭಾಷೆ ಈ ಪ್ರಸಂಗಕ್ಕೆ ಹೆಚ್ಚು ಹತ್ತಿರವಾದುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ‘ಸಾಕಾರಮಂತ್ರಭೇದ’ ಒಂದು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಅದನ್ನು ವಿವರಿಸುವ ಬಗೆ ಗಮನಾರ್ಹ. ಸಂದರ್ಭದಿಂದಲೋ ಅಂಗವಿಕಾರದಿಂದಲೋ ಹುಬ್ಬಿನ ಚಲನೆಯಿಂದಲೋ ಮತ್ತೊಬ್ಬನ ಅಂತರಂಗದ ಅಭಿಪ್ರಾಯವನ್ನು ಗ್ರಹಿಸಿ, ಅಸೂಯೆ ಮುಂತಾದ ಕಾರಣಗಳಿಂದ ಅದನ್ನು ಹೊರಗೆಡಹುವುದೇ ಈ ದೋಷವೆಂಬುದು ಅವರ ವಿವರಣೆಯ ತಾತ್ಪರ್ಯ. ಗ್ರಹಿಕೆ ಸುಳ್ಳೆಂದು ಅವರು ಹೇಳಿಲ್ಲವೆಂಬುದನ್ನು ಲಕ್ಷಿಸಬೇಕು. ಗ್ರಹಿಸಿದ್ದು ನಿಜವೇ ಇರಬಹುದು. ಆದರೂ ದ್ವೇಷದಿಂದ ಪ್ರೇರಿತವಾದ ಆ ಪ್ರಕಟಣೆ ಸತ್ಯವ್ರತಕ್ಕೆ ಕಳಂಕ. ಅದೇ ಪಟ್ಟಿಯ ಇನ್ನೊಂದು ಅತಿಚಾರ ‘ಕೂಟಲೇಖಕ್ರಿಯೆ’: ಒಬ್ಬನು ಆಡದ ಮಾತನ್ನು ಆಡಿದನೆಂದು ವಂಚನೆಗಾಗಿ ಬರೆಯುವುದು.

ಈ ಎರಡನೆಯ ದೋಷಕ್ಕೂ ನಿದರ್ಶನ ಒದಗಿತು. ಚುನಾವಣೆಯ ಅನಂತರ ಗೋಲ್ಡ್‌ವಾಟರ್, ಪತ್ರಿಕೆಯ ಮೇಲೂ ಅದರ ಪ್ರಕಾಶಕ ರಾಲ್ಫ್ ಗಿನ್ಸ್‌ಬರ್ಗ್ ಅವರ ಮೇಲೂ ಮಾನನಷ್ಟ ಮೊಕದ್ದಮೆ ಹೂಡಿದರು. ವಿಚಾರಣೆಯಲ್ಲಿ, ವೈದ್ಯರ ಪತ್ರಗಳನ್ನು ಪ್ರಕಟಣೆಗೆ ಮುನ್ನ ತಿದ್ದಿದ್ದು, ಬದಲಿಸಿದ್ದು ಹೊರಬಿತ್ತು. ಸಮೀಕ್ಷೆಯ ಉತ್ತರಗಳು ಬರುವುದಕ್ಕೆ ಮೊದಲೇ ಸಂಪಾದಕರು ತೀರ್ಮಾನಕ್ಕೆ ಬಂದಿದ್ದುದೂ ಬಯಲಾಯಿತು. 1968ರಲ್ಲಿ ಜ್ಯೂರಿ ಗೋಲ್ಡ್‌ವಾಟರ್ ಪರವಾಗಿ ತೀರ್ಪಿತ್ತು, ನಷ್ಟಪರಿಹಾರವೆಂದು ಒಂದು ಡಾಲರನ್ನೂ ದಂಡರೂಪವಾಗಿ 75,000 ಡಾಲರುಗಳನ್ನೂ ಕೊಡಿಸಿತು. ಒಂದು ಡಾಲರ್! ಹಾನಿ ನಾಮಮಾತ್ರದ್ದು, ಅಪರಾಧ ನಾಮಮಾತ್ರದ್ದಲ್ಲ ಎಂಬ ಈ ವಿವೇಚನೆ ಸಾಮಾನ್ಯ ನಾಗರಿಕರಿಂದ ಕೂಡಿದ ಜ್ಯೂರಿಯಿಂದ ಬಂದುದು ಸ್ವಾರಸ್ಯಕರ. ಮೇಲಿನ ನ್ಯಾಯಾಲಯ ಮರುವರ್ಷ ತೀರ್ಪನ್ನು ಎತ್ತಿಹಿಡಿಯಿತು; ಸುಪ್ರೀಂ ಕೋರ್ಟ್ 1970ರಲ್ಲಿ ಮೇಲ್ಮನವಿಯನ್ನು ಪರಿಗಣಿಸಲು ನಿರಾಕರಿಸಿತು. ಪತ್ರಿಕಾಸ್ವಾತಂತ್ರ್ಯದ ಹೆಸರಿನಲ್ಲಿ ಇದಕ್ಕೆ ಭಿನ್ನಮತ ಸೂಚಿಸಿದ ನ್ಯಾಯಮೂರ್ತಿಗಳು ಇಬ್ಬರು, ಹ್ಯೂಗೊ ಬ್ಲ್ಯಾಕ್ ಮತ್ತು ವಿಲಿಯಂ ಡಗ್ಲಸ್. ಅವರ ಆತಂಕ ತಳ್ಳಿಹಾಕುವಂಥದ್ದಲ್ಲ. ರಾಜಕೀಯ ಚರ್ಚೆಯ ಅತಿಮಾತಿಗೆಲ್ಲ ದಂಡ ವಿಧಿಸತೊಡಗಿದರೆ ಚರ್ಚೆಯೇ ಉಳಿಯುವುದಿಲ್ಲ. ಆದರೆ ಇಲ್ಲಿ ದಂಡ ಬಿದ್ದದ್ದು ಅತಿಮಾತಿಗಲ್ಲ, ಕೂಟಲೇಖಕ್ಕೆ.

1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ನೀತಿಸಂಹಿತೆಯಲ್ಲಿ ಒಂದು ವಿಧಿಯನ್ನು ಸೇರಿಸಿತು. ಸ್ವತಃ ಪರೀಕ್ಷಿಸದೆ, ಸಂಬಂಧಪಟ್ಟವರ ಅನುಮತಿಯಿಲ್ಲದೆ, ಸಾರ್ವಜನಿಕ ವ್ಯಕ್ತಿಯ ವಿಷಯದಲ್ಲಿ ಮನೋವೈದ್ಯನು ವೃತ್ತಿಪರ ಅಭಿಪ್ರಾಯ ಕೊಡುವುದು ಅನೈತಿಕ ಎಂಬುದು ಅದರ ಸಾರ. ಲೋಕ ಅದನ್ನು ‘ಗೋಲ್ಡ್‌ವಾಟರ್ ನಿಯಮ’ ಎಂದೇ ಕರೆಯುತ್ತದೆ. ಅದೇ 1973ರಲ್ಲಿ, ಅದೇ ಸಂಘ, ಸಲಿಂಗಾನುರಾಗವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಎರಡೂ ನಿರ್ಣಯಗಳನ್ನು ಒಟ್ಟಿಗೆ ಓದಬೇಕು. 1964ರಲ್ಲಿ ಅಭ್ಯರ್ಥಿಯ ಪುರುಷತ್ವವನ್ನು ಕುರಿತು ಕೊಂಕುನುಡಿದವರು ಶಾಸ್ತ್ರದ ಬಲದಿಂದ ಮಾತಾಡುತ್ತಿರುವೆವೆಂದು ಭಾವಿಸಿದ್ದರು. ಒಂಬತ್ತು ವರ್ಷಗಳಲ್ಲಿ ಶಾಸ್ತ್ರವೇ ಅವರ ಕಾಲಕೆಳಗಿನಿಂದ ಸರಿಯಿತು. ಒಂದು ಕಾಲದ ರೋಗನಾಮ ಮತ್ತೊಂದು ಕಾಲಕ್ಕೆ ಬರಿಯ ಪೂರ್ವಗ್ರಹ. ಒಂದು ನಯವನ್ನೇ ಪೂರ್ಣಸತ್ಯವೆಂದು ಹಿಡಿದರೆ ಅದು ದುರ್ನಯವಾಗುತ್ತದೆಂದು ತಾರ್ಕಿಕರು ಎಚ್ಚರಿಸುವುದು ಇಂಥ ಕಡೆಯೇ.

ರೋಗವಿದ್ದವನು ಅನರ್ಹನೇ ಎಂಬುದು ಇನ್ನೊಂದು ಪ್ರಶ್ನೆ. 1972ರಲ್ಲಿ ಡೆಮಾಕ್ರಟಿಕ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ ಥಾಮಸ್ ಈಗಲ್ಟನ್, ತಾವು ಹಿಂದೆ ಖಿನ್ನತೆಗಾಗಿ ಆಸ್ಪತ್ರೆ ಸೇರಿ ವಿದ್ಯುತ್ ಆಘಾತ ಚಿಕಿತ್ಸೆ ಪಡೆದುದನ್ನು ಒಪ್ಪಿಕೊಂಡರು. ಒಂದು ವಾರದೊಳಗೆ ಅವರು ಸ್ಪರ್ಧೆಯಿಂದ ಹಿಂದೆ ಸರಿಯಬೇಕಾಯಿತು. ಇಲ್ಲಿ ಊಹೆಯಿಲ್ಲ, ನಿಜವಾದ ವೈದ್ಯಕೀಯ ಚರಿತ್ರೆಯೇ ಇದೆ. ಆದರೂ ಅದೇ ಈಗಲ್ಟನ್ ಮುಂದೆ 1987ರವರೆಗೆ ಸೆನೆಟಿನಲ್ಲಿ ಕೆಲಸ ಮಾಡಿದರು. ಲಿಂಕನ್ನರ ದೀರ್ಘವಿಷಾದವನ್ನು ಅವರ ಮಿತ್ರರೇ ದಾಖಲಿಸಿದ್ದಾರೆ. ನಿದಾನವು ನಿಜವಾದರೂ ಅದರಿಂದ ಅರ್ಹತೆಯ ಪ್ರಶ್ನೆ ಇತ್ಯರ್ಥವಾಗುವುದಿಲ್ಲ.

ಹಾಗಾದರೆ ಗೋಲ್ಡ್‌ವಾಟರ್ ಅವರನ್ನು ಹೇಗೆ ತೂಗಬೇಕಾಗಿತ್ತು? ತೂಗಿದವರು ಇದ್ದರು. 1964ರ ಜೂನ್ 19ರಂದು ನಾಗರಿಕ ಹಕ್ಕುಗಳ ಮಸೂದೆ ಸೆನೆಟಿನಲ್ಲಿ 73-27 ಮತಗಳಿಂದ ಅಂಗೀಕಾರವಾದಾಗ, ವಿರೋಧಿಸಿದ 27 ಮಂದಿಯಲ್ಲಿ ಗೋಲ್ಡ್‌ವಾಟರ್ ಒಬ್ಬರು. ಅವರು ವರ್ಣದ್ವೇಷಿಯೆಂಬುದಕ್ಕೆ ಹಿಂದಿನ ನಡವಳಿಕೆ ಸಾಕ್ಷಿ ಹೇಳುವುದಿಲ್ಲ. 1957 ಮತ್ತು 1960ರ ನಾಗರಿಕ ಹಕ್ಕುಗಳ ಕಾಯಿದೆಗಳನ್ನು ಅವರು ಬೆಂಬಲಿಸಿದ್ದರು; ತಮ್ಮ ಸಂಸ್ಥಾನದ ವಾಯುದಳದಲ್ಲಿ ವರ್ಣಭೇದ ತೊಲಗಲು ನೆರವಾಗಿದ್ದರು. 1964ರ ಮಸೂದೆಯಲ್ಲಿ ಹೋಟೆಲು ಮುಂತಾದ ಸಾರ್ವಜನಿಕ ತಾಣಗಳಿಗೂ ಖಾಸಗಿ ಉದ್ಯೋಗಕ್ಕೂ ಸಂಬಂಧಿಸಿದ ಭಾಗಗಳು ಸಂವಿಧಾನಕ್ಕೆ ವಿರುದ್ಧವೆಂಬುದು ಅವರ ಆಕ್ಷೇಪ. ಆ ವಾದದಲ್ಲಿ ಪ್ರಾಮಾಣಿಕತೆ ಇದ್ದಿತೆಂದು ಒಪ್ಪೋಣ. ಅದೇ ಜುಲೈಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೇಳಿಕೆಯೊಂದನ್ನು ನೀಡಿದರು: ಗೋಲ್ಡ್‌ವಾಟರ್ ಸ್ವತಃ ವರ್ಣದ್ವೇಷಿಯಲ್ಲದಿದ್ದರೂ ವರ್ಣದ್ವೇಷಿಗಳಿಗೆ ಬಲವನ್ನೂ ಸಮಾಧಾನವನ್ನೂ ಕೊಡುವ ತತ್ತ್ವವನ್ನು ಪ್ರತಿಪಾದಿಸುತ್ತಾರೆಂಬುದು ಅದರ ಅಭಿಪ್ರಾಯ.

ಆ ವರ್ಷ ಗೋಲ್ಡ್‌ವಾಟರ್ ಬಗ್ಗೆ ಬಂದ ಸಾವಿರಾರು ಮಾತುಗಳ ನಡುವೆ ಅತ್ಯಂತ ನ್ಯಾಯಸಮ್ಮತವಾದ, ಆದ್ದರಿಂದಲೇ ಅತ್ಯಂತ ಕಠಿಣವಾದ ಮಾತು ಇದು. ಕಿಂಗ್ ಎದುರಾಳಿಯ ಅಂತರಂಗಕ್ಕೆ ಕೈ ಹಾಕಲಿಲ್ಲ. ಅವನ ಭಾವ ಶುದ್ಧವೆಂದೇ ಒಪ್ಪಿ, ಅವನ ಕ್ರಿಯೆಯ ಫಲವನ್ನು ಎದುರಿಗಿಟ್ಟರು. ಚುನಾವಣೆಯ ಫಲಿತಾಂಶ ಅವರ ಮಾತನ್ನು ಅಕ್ಷರಶಃ ನಿಜಮಾಡಿತು. ನವೆಂಬರ್ 3ರಂದು ಗೋಲ್ಡ್‌ವಾಟರ್ ಗೆದ್ದದ್ದು ಆರು ಸಂಸ್ಥಾನಗಳನ್ನು ಮಾತ್ರ. ಒಂದು ಸ್ವಂತ ಆರಿಜೋನ. ಉಳಿದ ಐದೂ ಕರಿಯರಿಗೆ ಮತದಾನವನ್ನೇ ನಿರಾಕರಿಸುತ್ತಿದ್ದ ದಕ್ಷಿಣದ ಸಂಸ್ಥಾನಗಳು. ಮಿಸಿಸಿಪ್ಪಿಯಲ್ಲಿ ಅವರಿಗೆ ನೂರಕ್ಕೆ 87ರಷ್ಟು ಮತ ಬಿತ್ತು. ರಾಷ್ಟ್ರದಲ್ಲಿ ಒಟ್ಟಾರೆ ಬಿದ್ದದ್ದು 38.5.

ಹಿಂಸೆಯ ವಿಚಾರದಲ್ಲಿ ಜೈನಾಚಾರ್ಯರು ಭಾವಹಿಂಸೆ, ದ್ರವ್ಯಹಿಂಸೆಗಳನ್ನು ಬೇರ್ಪಡಿಸುತ್ತಾರೆ. ಬಂಧಕ್ಕೆ ಮುಖ್ಯವಾದುದು ಭಾವ. ಪ್ರಮಾದವಿಲ್ಲದವನ ಕಾಲಿಗೆ ಸಿಕ್ಕಿ ಜೀವವೊಂದು ಸತ್ತರೂ ಅವನಿಗೆ ಆ ಬಗೆಯ ಬಂಧವಿಲ್ಲ. ಈ ಸಿದ್ಧಾಂತವನ್ನು ರಾಜ್ಯಾಡಳಿತಕ್ಕೆ ಹಾಗೆಯೇ ಅನ್ವಯಿಸಿದರೆ ತೊಡಕು ಹುಟ್ಟುತ್ತದೆ. ತನ್ನ ಭಾವವನ್ನು ಸಾಧಕನು ತಾನೇ ಶೋಧಿಸಿಕೊಳ್ಳಬಲ್ಲನು. ಅಭ್ಯರ್ಥಿಯ ಭಾವವನ್ನು ಮತದಾರನು ಶೋಧಿಸಲಾರನು. ಆತನಿಗೆ ಕಾಣುವುದು ದ್ರವ್ಯವೇ: ಆಡಿದ ಮಾತು, ಹಾಕಿದ ಮತ, ಆರಿಸಿಕೊಂಡ ಸಂಗಾತಿಗಳು, ಅವುಗಳಿಂದ ಬಲ ಪಡೆದವರು. ಆದ್ದರಿಂದ ಮೋಕ್ಷಮಾರ್ಗದ ಅಳತೆಗೋಲು ಬೇರೆ, ರಾಜನೀತಿಯ ಅಳತೆಗೋಲು ಬೇರೆ. ಪ್ರಾಚೀನರಿಗೆ ಈ ಅಂತರ ತಿಳಿಯದೆ ಇರಲಿಲ್ಲ. ಪಂಪನ ಆಶ್ರಯದಾತನಾದ ಅರಿಕೇಸರಿಯ ವಂಶದ ಆಳ್ವಿಕೆಯಲ್ಲಿ 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಯೇ ನೀತಿವಾಕ್ಯಾಮೃತದ ಕರ್ತೃ. ಅಲ್ಲಿ ಅರಿಷಡ್ವರ್ಗವನ್ನು ಹೇಳುವಾಗ, ವಿಚಾರಮಾಡದೆ ಪರರಿಗೋ ತನಗೋ ಕೇಡನ್ನು ತರುವುದು ಕ್ರೋಧವೆಂಬ ಅರ್ಥದ ಲಕ್ಷಣವನ್ನು ಆತ ಕೊಡುತ್ತಾನೆ. ಸಂಯಮಿಯಾದ ಮುನಿಯೇ ಬರೆದ ನೀತಿಗ್ರಂಥದಲ್ಲಿ ಒಳಗಿನ ಕಷಾಯಕ್ಕೆ ಇಂಥ ಹೊರಗಿನ ಲಕ್ಷಣ! ದೊರೆಯ ಎದೆಯೊಳಗೆ ಏನು ಕುದಿಯುತ್ತಿದೆಯೆಂಬುದಕ್ಕಿಂತ ಅದರಿಂದ ಯಾರಿಗೆ ಕೇಡಾಯಿತೆಂಬುದು ಅಲ್ಲಿ ಪ್ರಮಾಣ.

ಆಧುನಿಕ ಸಂವಿಧಾನಗಳೂ ಈ ವಿಷಯದಲ್ಲಿ ಮಿತಭಾಷಿಗಳು. ಅಮೆರಿಕದ ಅಧ್ಯಕ್ಷನಾಗಲು ಬೇಕಾದುದು ಜನ್ಮತಃ ಪೌರತ್ವ, 35 ವರ್ಷ ವಯಸ್ಸು, 14 ವರ್ಷಗಳ ವಾಸ. ಭಾರತದ ಸಂವಿಧಾನದ 58ನೆಯ ವಿಧಿಯೂ ರಾಷ್ಟ್ರಪತಿಗೆ 35 ವರ್ಷವನ್ನೇ ಹೇಳಿ, ಲೋಕಸಭೆಯ ಸದಸ್ಯನಾಗುವ ಅರ್ಹತೆಯನ್ನು ಸೇರಿಸುತ್ತದೆ. ಸಂಸತ್ ಸದಸ್ಯತ್ವಕ್ಕೆ ಅಡ್ಡಿಯಾಗುವ ಚಿತ್ತವೈಕಲ್ಯವನ್ನು 102ನೆಯ ವಿಧಿ ಉಲ್ಲೇಖಿಸುವಾಗಲೂ, ಸಕ್ಷಮ ನ್ಯಾಯಾಲಯವು ಹಾಗೆಂದು ಘೋಷಿಸಿರಬೇಕೆಂಬ ನಿರ್ಬಂಧವಿದೆ. 1967ರಲ್ಲಿ ಅಮೆರಿಕ ಅಂಗೀಕರಿಸಿದ 25ನೆಯ ತಿದ್ದುಪಡಿಯು, ಅಧ್ಯಕ್ಷನು ಕರ್ತವ್ಯನಿರ್ವಹಣೆಗೆ ಅಸಮರ್ಥನಾದಾಗ ಅದನ್ನು ನಿರ್ಣಯಿಸುವ ಭಾರವನ್ನು ಉಪಾಧ್ಯಕ್ಷ ಮತ್ತು ಮಂತ್ರಿಮಂಡಲದ ಬಹುಮತಕ್ಕೆ ವಹಿಸಿತು. ಅದರಲ್ಲಿ ವೈದ್ಯ ಎಂಬ ಪದವೇ ಇಲ್ಲ.

ಸಾಹಿತ್ಯದ ಓದುಗರಿಗೆ ಮತ್ತೊಂದು ಹೋಲಿಕೆ ಉಪಯುಕ್ತ. ‘ಫ್ಯಾಕ್ಟ್’ ಸಂಚಿಕೆ ಹೊರಬಂದ ಋತುವಿನಲ್ಲಿಯೇ, 1964ರ ನವೆಂಬರಿನ ‘ಹಾರ್ಪರ್ಸ್’ ಪತ್ರಿಕೆಯಲ್ಲಿ ಇತಿಹಾಸಕಾರ ರಿಚರ್ಡ್ ಹಾಫ್‌ಸ್ಟಾಟರ್ ಅವರ ಪ್ರಬಂಧ ಪ್ರಕಟವಾಯಿತು. ಅಮೆರಿಕದ ರಾಜಕಾರಣದಲ್ಲಿರುವ ಸಂಶಯೋನ್ಮಾದದ ಶೈಲಿ ಅದರ ವಸ್ತು. ಗೋಲ್ಡ್‌ವಾಟರ್ ಆಂದೋಲನ ಅದರ ಹಿನ್ನೆಲೆ. ಅವರೂ ಚಿಕಿತ್ಸಾಲಯದಿಂದಲೇ ಪದವನ್ನು ಎರವಲು ತಂದರು. ಆದರೆ ಅದನ್ನು ವೈದ್ಯಕೀಯ ಅರ್ಥದಲ್ಲಿ ಬಳಸುತ್ತಿಲ್ಲವೆಂದು ಮೊದಲಿಗೇ ಸ್ಪಷ್ಟಪಡಿಸಿ, ವ್ಯಕ್ತಿಯ ಮನಸ್ಸನ್ನು ಬಿಟ್ಟು ವಾಗ್ಮಿತೆಯ ರೀತಿಯನ್ನು, ಅದರ ಪೂರ್ವಪರಂಪರೆಯನ್ನು ಶೋಧಿಸಿದರು. ಶೈಲಿಯು ಪಠ್ಯದಲ್ಲಿದೆ, ಯಾರು ಬೇಕಾದರೂ ಪಠ್ಯವನ್ನು ತೆರೆದು ಅವರ ವಾದವನ್ನು ಅಲ್ಲಗಳೆಯಬಹುದು. ರೋಗವು ಎಲ್ಲಿದೆಯೆಂದು ತೋರಿಸಿ ಅಲ್ಲಗಳೆಯುವುದು? ಕೃತಿಯಿಂದ ಕವಿಯ ಮನೋರೋಗವನ್ನು ಹುಡುಕಿ ತೆಗೆಯುವ ವಿಮರ್ಶೆ ಕನ್ನಡಕ್ಕೂ ಅಪರಿಚಿತವಲ್ಲ. ಹಾಫ್‌ಸ್ಟಾಟರ್ ಅವರ ಸಂಯಮ ಅಂಥ ವಿಮರ್ಶಕರಿಗೂ ಬೇಕಾದುದೇ.

ನಿದಾನದ ಭಾಷೆಯಿಂದಾದ ಹೆಚ್ಚಿನ ಅನರ್ಥ, ಅದು ಚರ್ಚೆಯ ದೃಷ್ಟಿಯನ್ನು ಒಬ್ಬನ ಮೇಲೆಯೇ ನೆಟ್ಟದ್ದು. ಒಬ್ಬನು ಹುಚ್ಚನೆಂದಮೇಲೆ ಎದುರಾಳಿ ಸಹಜವಾಗಿಯೇ ಸ್ವಸ್ಥ. ಲಿಂಡನ್ ಜಾನ್ಸನ್ನರ ಪಕ್ಷ ಸೆಪ್ಟೆಂಬರ್ 7ರಂದು ಒಮ್ಮೆ ಮಾತ್ರ ಪ್ರಸಾರಮಾಡಿದ ದೂರದರ್ಶನ ಜಾಹೀರಾತಿನಲ್ಲಿ ಹೂವಿನ ಎಸಳೆಣಿಸುವ ಪುಟ್ಟ ಬಾಲಿಕೆ, ಬಳಿಕ ಪರಮಾಣು ಸ್ಫೋಟ. ಗೋಲ್ಡ್‌ವಾಟರ್ ಹೆಸರೇ ಅದರಲ್ಲಿರಲಿಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ. ಏಷ್ಯದ ಹುಡುಗರು ಮಾಡಬೇಕಾದ ಕೆಲಸಕ್ಕೆ ಅಮೆರಿಕದ ಹುಡುಗರನ್ನು ಕಳುಹಿಸುವುದಿಲ್ಲವೆಂದು ಅಕ್ಟೋಬರಿನಲ್ಲಿ ಮಾತುಕೊಟ್ಟ ಜಾನ್ಸನ್, 1965ರ ಮಾರ್ಚಿನಲ್ಲಿ ಯುದ್ಧದಳಗಳನ್ನು ವಿಯೆಟ್ನಾಮಿನಲ್ಲಿ ಇಳಿಸಿದರು. 1968ರ ಹೊತ್ತಿಗೆ ಅಲ್ಲಿದ್ದ ಅಮೆರಿಕದ ಸೈನಿಕರು ಐದು ಲಕ್ಷಕ್ಕೂ ಹೆಚ್ಚು. ಆಗಸ್ಟಿನ ಟಾಂಕಿನ್ ಕೊಲ್ಲಿ ಪ್ರಕರಣದ ಅನಂತರ ಸಂಸತ್ತಿನಿಂದ ಜಾನ್ಸನ್ ಪಡೆದ ಮುಕ್ತಾಧಿಕಾರವನ್ನು, ಸೆನೆಟಿನ ಇಬ್ಬರು ವಿರೋಧಿಗಳ ಹೊರತು, ಯಾರೂ ಅವರ ಅರ್ಹತೆಯ ಪ್ರಶ್ನೆಯಾಗಿ ನೋಡಲಿಲ್ಲ. ಗೋಲ್ಡ್‌ವಾಟರ್ ಗೆದ್ದಿದ್ದರೆ ಯುದ್ಧ ತಪ್ಪುತ್ತಿತ್ತೆಂದು ಇದರ ಅರ್ಥವಲ್ಲ. ಅವರ ಮಾತುಗಳನ್ನು ನಂಬುವುದಾದರೆ ಅದು ಇನ್ನೂ ಉಗ್ರವಾಗುತ್ತಿತ್ತು. ಮತದಾರರು ಅವರನ್ನು ತಿರಸ್ಕರಿಸಿದ್ದು ಸರಿ. ತಿರಸ್ಕರಿಸಲು ಜೂನ್ 19ರ ಒಂದು ಮತವೇ ಸಾಕಾಗಿತ್ತು.

ಇದಕ್ಕೆ ಪ್ರಬಲವಾದ ಪೂರ್ವಪಕ್ಷವೊಂದುಂಟು. ಡೊನಾಲ್ಡ್ ಟ್ರಂಪ್ 2016ರಲ್ಲಿ ಅಭ್ಯರ್ಥಿಯಾದಾಗಲೂ ಮರುವರ್ಷ ಅಧ್ಯಕ್ಷರಾದಾಗಲೂ ಅದು ಕೇಳಿಬಂತು. 2017ರ ಅಕ್ಟೋಬರಿನಲ್ಲಿ ಬ್ಯಾಂಡಿ ಲೀ ಅವರ ಸಂಪಾದಕತ್ವದಲ್ಲಿ 27 ತಜ್ಞರ ಲೇಖನಗಳ ಸಂಕಲನ ಹೊರಬಂದಿತು. ಅಪಾಯವನ್ನು ಕಂಡ ತಜ್ಞನು ಎಚ್ಚರಿಸುವುದು ಅವನ ಧರ್ಮ, ನೀತಿಸಂಹಿತೆಯ ಹೆಸರಿನಲ್ಲಿ ಬಾಯಿಮುಚ್ಚುವುದೇ ಅಧರ್ಮ ಎಂಬುದು ಅವರ ವಾದ. ಲಕ್ಷಾಂತರ ಜೀವಗಳು ಒಬ್ಬನ ಬೆರಳ ತುದಿಯಲ್ಲಿರುವಾಗ ಈ ವಾದವನ್ನು ನಗೆಯಾಡಲಾಗದು. ಅತ್ತ ಮನೋವೈದ್ಯರ ಸಂಘವು 2017ರ ಮಾರ್ಚಿನಲ್ಲಿಯೇ ನಿಯಮವನ್ನು ಬಿಗಿಗೊಳಿಸಿತ್ತು. ರೋಗದ ಹೆಸರನ್ನು ಹೇಳುವುದಷ್ಟೇ ಅಲ್ಲ, ಸಾರ್ವಜನಿಕ ವ್ಯಕ್ತಿಯ ನಡೆನುಡಿಗಳನ್ನು ಕುರಿತು ವೃತ್ತಿಜ್ಞಾನದ ಬಲದಿಂದ ಯಾವ ಅಭಿಪ್ರಾಯವನ್ನೂ ಕೊಡಕೂಡದು ಎಂಬುದು ಹೊಸ ವ್ಯಾಖ್ಯಾನ.

ಈ ವ್ಯಾಖ್ಯಾನ ಅತಿವ್ಯಾಪ್ತಿದೋಷದಿಂದ ಕೂಡಿದೆ. ಸಭೆಯಲ್ಲಿ ಎಲ್ಲರೂ ಕಂಡ ನಡವಳಿಕೆಯನ್ನು ವರ್ಣಿಸಲು, ಅಂಥ ನಡವಳಿಕೆ ಸಾಮಾನ್ಯವಾಗಿ ಎಲ್ಲಿಗೆ ಒಯ್ಯುತ್ತದೆಂದು ಹೇಳಲು, ತಜ್ಞನಿಗೆ ತಡೆಯಿರಬಾರದು. ನಾಗರಿಕನ ಹಕ್ಕನ್ನು ವೈದ್ಯನು ಪದವಿಪತ್ರದೊಂದಿಗೆ ಒಪ್ಪಿಸಿಬಿಡುವುದಿಲ್ಲ. ಆದರೆ 1973ರ ಮೂಲನಿಯಮ ಸರಿಯಾದುದೇ. ಎಚ್ಚರಿಸುವ ಕರ್ತವ್ಯವೆಂಬುದು ರೋಗಿಯನ್ನು ಕಂಡ ವೈದ್ಯನಿಗೆ ಹುಟ್ಟುವುದು. ಕಾಣದವನಿಗೆ ಆ ಕರ್ತವ್ಯದ ಆಧಾರವಾದ ಜ್ಞಾನವೇ ಇಲ್ಲ. ಟ್ರಂಪ್ ಅವರ ವಿರುದ್ಧದ ವಾದಗಳಲ್ಲಿ ಬಲವಾದುವು, ಅವರು ಬಹಿರಂಗವಾಗಿ ಆಡಿದ ಮತ್ತು ಮಾಡಿದ ಸಂಗತಿಗಳನ್ನು ಆಧರಿಸಿದವು. ಅವಕ್ಕೆ ನಿದಾನದ ಊರುಗೋಲು ಬೇಕಿರಲಿಲ್ಲ. ಅದನ್ನು ಹಿಡಿದಾಗ ಅವು ಕುಂಟಿದವು, ಏಕೆಂದರೆ ಅವರ ಬೆಂಬಲಿಗರಿಗೆ ವಾದವನ್ನು ಉತ್ತರಿಸದೆಯೇ ಅವಮಾನವನ್ನು ಎತ್ತಿ ತೋರಿಸುವ ಅವಕಾಶ ಸಿಕ್ಕಿತು. 2024ರ ಜೂನ್ 27ರ ಚರ್ಚೆಯ ಬಳಿಕ ಜೋ ಬೈಡನ್ ಅವರ ವೃದ್ಧಾಪ್ಯದ ಪ್ರಶ್ನೆ ಎದ್ದಾಗಲೂ ದೂರದರ್ಶನದ ಮುಂದೆ ಕುಳಿತು ರೋಗ ಹೆಸರಿಸಿದವರಿಗೆ ಕೊರತೆಯಿರಲಿಲ್ಲ. ಜುಲೈ 21ರಂದು ಅವರು ಸ್ಪರ್ಧೆಯಿಂದ ಹಿಂದೆ ಸರಿಯುವಂತಾದದ್ದು ಆ ಹೆಸರುಗಳಿಂದಲ್ಲ, ಜನ ಕಣ್ಣಾರೆ ಕಂಡದ್ದರಿಂದ ಮತ್ತು ಸ್ವಪಕ್ಷೀಯರ ಒತ್ತಡದಿಂದ.

ಗೋಲ್ಡ್‌ವಾಟರ್ 1968ರಲ್ಲಿ ಮತ್ತೆ ಸೆನೆಟಿಗೆ ಆಯ್ಕೆಯಾಗಿ 1987ರವರೆಗೆ ಅಲ್ಲಿದ್ದರು. 1974ರ ಆಗಸ್ಟ್ 7ರಂದು ಅವರೂ ಸೆನೆಟರ್ ಹ್ಯೂ ಸ್ಕಾಟ್ ಮತ್ತು ಪ್ರತಿನಿಧಿ ಜಾನ್ ರೋಡ್ಸ್ ಅವರೂ ಶ್ವೇತಭವನಕ್ಕೆ ಹೋಗಿ, ತಮ್ಮದೇ ಪಕ್ಷದ ಅಧ್ಯಕ್ಷ ರಿಚರ್ಡ್ ನಿಕ್ಸನ್ನರಿಗೆ, ಮಹಾಭಿಯೋಗದಿಂದ ಪಾರಾಗಲು ಬೇಕಾದಷ್ಟು ಮತಗಳು ಸೆನೆಟಿನಲ್ಲಿ ಉಳಿದಿಲ್ಲವೆಂದು ತಿಳಿಸಿದರು. ಮರುದಿನ ರಾತ್ರಿ ನಿಕ್ಸನ್ ರಾಜೀನಾಮೆಯನ್ನು ಘೋಷಿಸಿದರು. ‘ಫ್ಯಾಕ್ಟ್’ ಪತ್ರಿಕೆ ನಿಂತು ಆಗ ಏಳು ವರ್ಷಗಳಾಗಿದ್ದವು.